ದೋಣಿಯ ಗಾಯಕ್ಕೆ ಹಚ್ಚಿದ ಭಂಡಾರ

ಫೈಬರ್ ದೋಣಿಯ ತಳ ಗಟ್ಟಿ ಇದೆಯೋ ಇಲ್ಲವೋ ಎಂದು ನೋಡಲು ನಾನು ಒಂದು ನಾಣ್ಯ ಬಳಸುತ್ತೇನೆ. ಹಳೆಯ ಐದು ರೂಪಾಯಿಯ ದಪ್ಪ ನಾಣ್ಯ, ಅಂಗಿಯ ಮೇಲಿನ ಜೇಬಿನಲ್ಲಿ ಸದಾ ಇರುತ್ತದೆ. ಅದರ ಅಂಚಿನಿಂದ ಗೇಣು ಗೇಣಿಗೂ ಬಡಿಯುತ್ತ ಹೋಗಬೇಕು. ಪದರಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಟಣ್ ಎನ್ನುತ್ತದೆ. ಎಲ್ಲಾದರೂ ಬಿಟ್ಟುಕೊಂಡಿದ್ದರೆ ಡಬ್ ಎನ್ನುತ್ತದೆ. ಇದನ್ನು ತಿಳಿಯಲು ಓದು ಬೇಡ, ಕಿವಿ ಸಾಕು, ಮತ್ತು ನನ್ನ ಕಿವಿ ಚುರುಕು. ಹಾಗಾಗಿ ಅವತ್ತು ನನಗೆ ಕೇಳಿಸಲೇ ಇಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುವ ದಾರಿಯೂ ಇಲ್ಲ.

ನಮ್ಮದು ನಾರಾಯಣಪೇಟೆಯ ನೇಕಾರರ ಮನೆ. ಅಪ್ಪ ಬೆಳಗ್ಗೆ ಮಗ್ಗದ ಗುಂಡಿಗೆ ಕಾಲಿಳಿಸಿದರೆ ಊಟಕ್ಕೇ ಏಳುವುದು. ನಾನು ಮಗ್ಗ ಬಿಟ್ಟು ಹೈದರಾಬಾದಿನ ಹೊರಗಿನ ಒಂದು ಶೆಡ್ಡಿನಲ್ಲಿ ಫೈಬರ್ ಕೆಲಸ ಕಲಿತೆ. ನೀರಿನ ಟ್ಯಾಂಕು, ಬಚ್ಚಲು ಬಾಗಿಲು, ಮದುವೆ ಮಂಟಪದ ಕಂಬ, ಏನು ಬಂದರೂ ಮಾಡುತ್ತಿದ್ದೆವು. ಆಮೇಲೆ ಮಕ್ತಲ್‌ಗೆ ಬಂದು ರಸ್ತೆ ಬದಿ ನನ್ನದೇ ಶೆಡ್ ಹಾಕಿಕೊಂಡೆ. ಒಮ್ಮೆ ಅಪ್ಪ ಅಲ್ಲಿಗೆ ಬಂದವನು ಗಾಜಿನ ನೂಲಿನ ಮ್ಯಾಟನ್ನು ಬೆರಳಲ್ಲಿ ಹಿಡಿದು ನೋಡಿ, "ಇದರಾಗ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಇದ್ಯಾತರ ಬಟ್ಟಿಯೋ" ಎಂದು ಕೈ ಕೊಡವಿಕೊಂಡು ಹೋದ. ಕೈ ತುರಿಸಿಕೊಂಡಿರಬೇಕು. ಆ ಮ್ಯಾಟು ಹಾಗೆಯೇ, ಬರಿಗೈಯಲ್ಲಿ ಮುಟ್ಟಿದವರನ್ನು ಎರಡು ದಿನ ಸುಮ್ಮನೆ ಬಿಡುವುದಿಲ್ಲ. ಅದರ ಪುಡಿ ಇನ್ನೂ ಕೆಟ್ಟದ್ದು.

ನನಗೆ ಒಬ್ಬಳೇ ತಂಗಿ. ಅಮ್ಮನ ಜೊತೆ ಗದ್ವಾಲ್‌ಗೆ ಸೀರೆ ಮುಟ್ಟಿಸಲು ನದಿ ದಾಟಿ ಹೋಗುತ್ತಿದ್ದವಳು, ದಾಟಿಸುವವನನ್ನೇ ಮೆಚ್ಚಿ ಒಂದು ದಿನ ಆಚೆ ದಡದಲ್ಲೇ ಉಳಿದುಬಿಟ್ಟಳು. ಅವರು ಕುರುಬರು. ಹಿಂಡು ಗಟ್ಟು ಊರಿನ ಕಡೆಯ ಕಲ್ಲುನೆಲದಲ್ಲಿ ಮೇಯುತ್ತಿತ್ತು, ಮನೆ ಹೊಳೆಯ ದಂಡೆಯ ಊರಲ್ಲಿ, ಇವನ ಕೈಯಲ್ಲಿ ದೋಣಿ. ಅಪ್ಪ ಮಗ್ಗದ ಮೇಲಿದ್ದ ಸೀರೆಯನ್ನು ಅರ್ಧಕ್ಕೇ ಕತ್ತರಿಸಿ ಅಂಗಳಕ್ಕೆ ಎಸೆದ. ಅವಳು ಹೋದ ಮೇಲೆ ನನಗೆ ನೋಡಿದ ಮೂರು ಸಂಬಂಧಗಳು ಮುರಿದವು. ಮೂರನೆಯದು ಶಾಂತಿನಗರದ ಕಡೆಯದು, ಎಲೆ ಅಡಿಕೆ ಹಿಡಿಯುವವರೆಗೂ ಬಂದು, "ಹುಡುಗಿ ಮನಿ ಬಿಟ್ಟು ಹೋದ ಮನಿಯಂತಲ್ಲ" ಎಂದು ಎದ್ದು ಹೋದರು. ಆಮೇಲೆ ನಾನೇ ಬೇಡವೆಂದೆ. ಒಲೆ ಮುಂದೆ ಒಬ್ಬನೇ ಕೂತು ರೊಟ್ಟಿ ಬಡಿದುಕೊಳ್ಳುವಾಗೆಲ್ಲ ಅವಳ ನೆನಪಾಗುತ್ತಿತ್ತು. ಅದು ಪ್ರೀತಿಯ ನೆನಪಲ್ಲ. ಅವಳ ಗಂಡನನ್ನು ನಾನು ಸಂಬಂಧದ ಹೆಸರಿನಿಂದ ಒಂದು ದಿನವೂ ಕರೆದವನಲ್ಲ. ಕರೆಯಲೇಬೇಕಾದಾಗ "ದೋಣಿಯವರು" ಎನ್ನುತ್ತಿದ್ದೆ.

ಹನ್ನೊಂದು ವರ್ಷವಾದ ಮೇಲೆ ಅವಳು ಫೋನ್ ಮಾಡಿದಳು. ದೋಣಿಯ ತಳ ಬಿರುಕು ಬಿಟ್ಟಿದೆ, ನೀರು ಜಿನುಗುತ್ತಿದೆ, ಆಚೆ ಈಚೆ ಫೈಬರ್ ಕೆಲಸ ಬಲ್ಲವರು ಯಾರೂ ಇಲ್ಲ. ಬೀಜದ ಹತ್ತಿಯ ಹೊಲಗಳಲ್ಲಿ ಕೆಲಸ ಶುರುವಾಗುವ ಮೊದಲು ಸರಿಯಾಗಬೇಕು, ಆಗ ದಿನಾ ಬೆಳಗ್ಗೆ ಹೆಂಗಸರು ದಾಟುತ್ತಾರೆ. "ನಮ್ಮಣ್ಣ ಮಾಡ್ತಾನ ಅಂತ ಅತ್ತಿ ಮುಂದ ಹೇಳೀನಿ" ಎಂದಳು. ಹೇಳಿದ್ದು ಅವಳು, ಬೆವರು ಸುರಿಸುವವನು ನಾನು. ಆದರೂ ಹೋದೆ. ಅವಳ ಬಾಳು ಎಷ್ಟು ಹಾಳಾಗಿದೆ ಎಂದು ಕಣ್ಣಾರೆ ನೋಡುವ ಆಸೆ ನನಗಿತ್ತು.

ಹಾಳೇನೂ ಆಗಿರಲಿಲ್ಲ. ಮನೆ ತುಂಬ ಜನ, ಕೊಟ್ಟಿಗೆಯಲ್ಲಿ ಮರಿಗಳು. ಗಂಡ ಮೆತ್ತಗಿನ ಮನುಷ್ಯ, ನಾನು ಮುಖ ತಿರುಗಿಸಿದರೂ "ಬರ್ರಿ ಬಾವಾ, ಕೂಡ್ರಿ" ಎಂದು ಚಾಪೆ ಹಾಸಿದ. ಒಂದೇ ಒಂದು ಕೊರತೆ, ಅದನ್ನು ತಂಗಿಯೇ ಮೊದಲ ದಿನ ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಹೇಳಿದಳು. ಆ ಮನೆಯ ಜಗುಲಿಯ ಗೂಡಿನಲ್ಲಿ ಮೈಲಾರನ ಭಂಡಾರದ ಚೀಲ ತೂಗುಹಾಕಿತ್ತು, ದೇವರ ಅರಿಸಿನ ತುಂಬಿದ ಚರ್ಮದ ಚೀಲ. ಹೊಸ ನೇಗಿಲು ಬರಲಿ, ಮರಿ ಹುಟ್ಟಲಿ, ಮಗಳು ಗಂಡನ ಮನೆಗೆ ಹೊರಡಲಿ, ಅದರಿಂದ ಒಂದು ಚಿಟಿಕೆ ಹಚ್ಚದೆ ಏನೂ ಆಗುವುದಿಲ್ಲ. ಅದನ್ನು ಮುಟ್ಟುವ ಹಕ್ಕು ಮನೆಯ ಸೊಸೆಯರಿಗೆ. ಇವಳ ನಂತರ ಬಂದ ಕಿರಿಯ ಸೊಸೆ, ಅವರದೇ ಜಾತಿಯವಳು, ಬಂದ ವಾರಕ್ಕೇ ಮುಟ್ಟಿದ್ದಳು. ನನ್ನ ತಂಗಿ ಹನ್ನೊಂದು ವರ್ಷ ಆ ಗೂಡಿನ ಕೆಳಗೆ ಕಸ ಗುಡಿಸಿದ್ದಳೇ ಹೊರತು ಚೀಲ ಮುಟ್ಟಿರಲಿಲ್ಲ.

"ದೋಣಿ ಚಲೋ ಆಯ್ತಂದ್ರ ಅತ್ತಿ ಮನಸು ಕರಗ್ತೈತಿ ಅಣ್ಣಾ. ನನ್ನ ತವರಿನವರು ಮಾಡಿದ್ದು ಅಂತ ಆಗ್ತೈತಲ್ಲ" ಎಂದಳು.

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ನನಗೆ ಅದು ಗೊತ್ತಿತ್ತು ಎಂಬುದನ್ನು ಓದುವವರು ನೆನಪಿಟ್ಟುಕೊಳ್ಳಲಿ.

ದೋಣಿಯನ್ನು ಅಂಗಳದ ಬೇವಿನ ಕೆಳಗೆ ಹಳೆಯ ಟೈರುಗಳ ಮೇಲೆ ಬೋರಲು ಹಾಕಿದೆವು. ಕಲ್ಲಿನ ದಂಡೆಗೆ ಎಳೆದೂ ಎಳೆದೂ ತಳ ಸವೆದಿತ್ತು. ಮುಂಭಾಗದಲ್ಲಿ ಮೊಳದುದ್ದ ಬಿರುಕು, ಸುತ್ತ ಮೆತ್ತಗಾದ ಜಾಗ, ಹೆಬ್ಬೆರಳಿಂದ ಒತ್ತಿದರೆ ಒಳಗೆ ಇಳಿಯುತ್ತಿತ್ತು. ಮೊದಲು ತೊಳೆದು ಮೂರು ದಿನ ಬಿಸಿಲಿಗೆ ಬಿಟ್ಟೆ. ಆಮೇಲೆ ಗ್ರೈಂಡರ್ ಹಿಡಿದೆ. ಬಿರುಕು ಕೂದಲೆಳೆಯಷ್ಟಿದ್ದರೂ ಅದರ ಸುತ್ತ ಗೇಣಗಲ ಕೆರೆಯಬೇಕು, ನಡುವೆ ಆಳವಾಗಿ, ಅಂಚಿಗೆ ಬರುತ್ತ ತೆಳ್ಳಗೆ. ಹಳೆಯ ಬಣ್ಣ, ಮೇಣ, ಎಣ್ಣೆ ಎಲ್ಲ ಹೋಗಿ ಗಾಜಿನ ನೂಲು ಬರಿಮೈಯಾಗಿ ಕಾಣಬೇಕು. ಹೊಸ ಪದರ ಹಿಡಿಯುವುದು ಆ ಬರಿಮೈಯನ್ನೇ. ನಡುವೆ ಏನಾದರೂ ಬಂದರೆ, ಬೆವರ ಹನಿಯೇ ಆಗಲಿ, ಹಿಡಿಯುವುದಿಲ್ಲ. ಹೈದರಾಬಾದಿನಲ್ಲಿ ನನ್ನ ಮೇಸ್ತ್ರಿ ಕೆರೆದ ಜಾಗದ ಮೇಲೆ ಕೈಯಿಟ್ಟವರ ಕೈಗೇ ಬ್ರಷ್ಷಿನ ಹಿಡಿಯಿಂದ ಹೊಡೆಯುತ್ತಿದ್ದ.

ಸಂಜೆ ದೋಣಿಯವರು ಬಂದು ಕೆರೆದ ಜಾಗವನ್ನು ಬಗ್ಗಿ ನೋಡಿ ತುಟಿ ಕಚ್ಚಿಕೊಂಡರು. "ಭಾಳ ದೊಡ್ಡ ಗಾಯ ಆಯ್ತಲ್ರಿ ಬಾವಾ."

"ಗಾಯ ದೊಡ್ಡದು ಮಾಡಿದ್ರನ ಗುಣ ಆಗೋದು" ಎಂದೆ.

ಅವರ ತಾಯಿ, ತಂಗಿಯ ಅತ್ತೆ, ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು. ಮುದುಕಿ ನನ್ನ ಜೊತೆ ಅಲ್ಲಿಯವರೆಗೆ ಎರಡು ಮಾತಿಗಿಂತ ಹೆಚ್ಚು ಆಡಿರಲಿಲ್ಲ. ಅವತ್ತು ಬಾಯಿ ಬಿಟ್ಟಳು. ತೋಳ ಹರಿದ ಕುರಿಯನ್ನು ತನ್ನ ಗಂಡ ಹೇಗೆ ಬದುಕಿಸುತ್ತಿದ್ದ ಎಂದು ಹೇಳಿದಳು. ಗಾಯ ತೊಳೆದು, ಒಳಗೆಲ್ಲ ಭಂಡಾರ ತುಂಬಿ, ಆಮೇಲೆ ಚರ್ಮ ಕೂಡಿಸಿ ಹೊಲಿಯುತ್ತಿದ್ದನಂತೆ. ಒಂದೂ ಕೊಳೆತಿಲ್ಲ, ಒಂದೂ ಸತ್ತಿಲ್ಲ. ನಾನು ಹೂಂಗುಟ್ಟಿದೆ. ಮುದುಕಿಯ ಮಾತು ಎತ್ತ ಹೋಗುತ್ತಿದೆ ಎಂದು ಯೋಚಿಸಲಿಲ್ಲ. ಯೋಚಿಸಿದ್ದರೆ ಆಗಲೇ ತಡೆಯುತ್ತಿದ್ದೆನೇ? ಗೊತ್ತಿಲ್ಲ.

ಮರುದಿನ ಬೆಳಗ್ಗೆ ಹೊಳೆಯಲ್ಲಿ ಮುಖ ತೊಳೆದು ಬಂದರೆ ತಂಗಿ ದೋಣಿಯ ಪಕ್ಕ ಮೊಣಕಾಲೂರಿ ಕೂತಿದ್ದಾಳೆ. ಎರಡೂ ಅಂಗೈ ಹಳದಿ. ಭಂಡಾರದ ಚೀಲ ಅವಳ ತೊಡೆಯ ಮೇಲೆ. ನಾನು ಕೆರೆದ ಜಾಗದ ಉದ್ದಗಲಕ್ಕೂ, ಬಿರುಕಿನ ಸಂದಿಸಂದಿಗೂ ಬೆರಳು ಹಾಕಿ ಅರಿಸಿನ ತಿಕ್ಕುತ್ತಿದ್ದಳು. ಒಣಪುಡಿ ನಿಲ್ಲುವುದಿಲ್ಲವೆಂದು ಕುರಿಗೆ ಮಾಡುವ ಹಾಗೆ ಹರಳೆಣ್ಣೆಯನ್ನೂ ಸೇರಿಸಿಕೊಂಡಿದ್ದಳು.

ನನ್ನನ್ನು ನೋಡಿದವಳು ನಕ್ಕಳು. ಚಿಕ್ಕಂದಿನಲ್ಲಿ ಅಪ್ಪನ ಲಾಳಿ ಕದ್ದು ಸಿಕ್ಕಿಬಿದ್ದಾಗ ನಗುತ್ತಿದ್ದ ಅದೇ ನಗು. "ಅತ್ತಿನ ತೆಗೆದು ಕೊಟ್ಟಳು ಅಣ್ಣಾ. 'ನಿನ್ನ ತವರಿನ ಕೆಲಸ, ನೀನ ಹಚ್ಚು' ಅಂದಳು. ಅಕಿ ಕೈಯ್ಯಾರ ಕೊಟ್ಟಳು."

ಕಣ್ಣಲ್ಲಿ ನೀರಿತ್ತು. ಅಂಗೈ ಕೆಂಪಾಗಿ ದದ್ದು ಏಳತೊಡಗಿತ್ತು. ಕೆರೆದ ಗಾಜಿನ ಪುಡಿಯನ್ನು ಬರಿಗೈಯಲ್ಲಿ ತಿಕ್ಕಿದರೆ ಇನ್ನೇನಾಗುತ್ತದೆ. "ಕೈ ಉರಿಯಾಕತ್ಯಾವ. ದೇವರ ಶಕ್ತಿ ಅಂತಾರಲ್ಲ, ಅದ ಇರಬೇಕು" ಎಂದಳು.

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ತಂಗೀ, ಇದರ ಮೇಲೆ ರೆಸಿನ್ ಅಂಟು ಹಿಡಿಯುವುದಿಲ್ಲ, ಥಿನ್ನರ್‌ನಿಂದ ಒರೆಸಿ ಮತ್ತೊಮ್ಮೆ ಕೆರೆಯುತ್ತೇನೆ, ಭಂಡಾರವನ್ನು ಕೊನೆಗೆ ಹೊರಗೆ ಹಚ್ಚು. ಇಷ್ಟೇ ಮಾತು. ಅರ್ಧ ದಿನದ ಕೆಲಸ. ಮುದುಕಿಯೂ ಒಪ್ಪುತ್ತಿದ್ದಳು, ದೇವರಿಗೆ ಒಳಗಾದರೇನು ಹೊರಗಾದರೇನು. ಆದರೆ ಅವಳ ಮುಖದ ಆ ಸಂತೋಷ ನೋಡಿ ನನ್ನ ಹೊಟ್ಟೆಯಲ್ಲಿ ಕಿಚ್ಚೆದ್ದಿತು. ನನ್ನ ಮನೆ ಒಡೆದು ಬಂದವಳು ಇಲ್ಲಿ ಮನೆ ಕಟ್ಟಿಕೊಂಡಳಲ್ಲ ಎನಿಸಿತು. ಮ್ಯಾಟು ಹಾಕಿದರೆ ಎರಡೇ ದಿನದಲ್ಲಿ, ಇಲ್ಲೇ ಬಿಸಿಲಿಗೆ, ಎಲ್ಲರೆದುರು ಹಪ್ಪಳವೆದ್ದು ಬರುತ್ತದೆ. ಆಗ "ಅರಿಸಿನ ಹಚ್ಚು ಅಂತ ನಾನು ಹೇಳಿದ್ದೆನೇನು" ಎಂದು ಅವಳ ಮೇಲೆ ರೇಗಿ, ಸರಿಮಾಡಿ ಹೋಗೋಣ, ಅವಳ ಮುಖ ಸಣ್ಣದಾಗುವುದನ್ನು ಒಂದು ಸಲ ನೋಡೋಣ. ನನ್ನ ಲೆಕ್ಕಾಚಾರ ಇಷ್ಟೇ ಇತ್ತು.

"ಚಲೋ ಮಾಡೀದಿ" ಎಂದೆ. "ಅಂಚಿಗೆ ಕಮ್ಮಿ ಐತಿ ನೋಡು, ಅಲ್ಲೂ ಹಚ್ಚು."

ಅವಳು ಹಚ್ಚಿದಳು. ಕೊನೆಗೆ ನಡುವೆ ಎರಡೂ ಅಂಗೈಯೂರಿ, "ಏಳುಕೋಟಿ ಏಳುಕೋಟಿಗೋ" ಎಂದು ಮೈಲಾರನನ್ನು ನೆನೆದು ಮೆಲ್ಲಗೆ ಅಂದು ಎದ್ದಳು. ನಾನು ರೆಸಿನ್‌ಗೆ ಅದು ಗಟ್ಟಿಯಾಗಲು ಹಾರ್ಡ್‌ನರ್ ಬೆರೆಸಿ, ಆ ಹಳದಿಯ ಮೇಲೇ ಮೊದಲ ಮ್ಯಾಟು ಹಾಸಿ, ರೋಲರ್‌ನಿಂದ ಗುಳ್ಳೆ ತೆಗೆದೆ. ಅದರ ಮೇಲೆ ಇನ್ನೊಂದು, ಮತ್ತೊಂದು. ಅಷ್ಟು ಅಚ್ಚುಕಟ್ಟಾಗಿ ನಾನು ಕೆಲಸ ಮಾಡಿದ್ದು ಕಡಿಮೆ.

ಎರಡು ದಿನವಾಯಿತು. ಹಪ್ಪಳ ಏಳಲಿಲ್ಲ. ಅಂಚು ಭದ್ರವಾಗಿ ಕೂತಿತ್ತು. ಅಂಚಿನಿಂದಾಚೆ, ಅರಿಸಿನ ತಾಕದ ಕಡೆ ಎರಡು ಬೆರಳಗಲ ಪದರ ಹಿಡಿದುಕೊಂಡು, ಒಳಗಿನ ಸುಳ್ಳನ್ನೆಲ್ಲ ಮುಚ್ಚಿ ನಿಂತಿತ್ತು. ನಾಣ್ಯ ತೆಗೆದು ಬಡಿದೆ. ಸುತ್ತ ಟಣ್, ನಡುವೆಲ್ಲ ಡಬ್. ದೋಣಿಯವರು ಪಕ್ಕದಲ್ಲೇ ನಿಂತಿದ್ದರು. ಅವರ ಹಿಂದೆ ತಂಗಿ, ಅವಳ ಹಿಂದೆ ಮುದುಕಿ.

"ಏನಂತೈತ್ರಿ ಬಾವಾ?"

ಈಗ ಹೇಳಿದರೆ ಪದರ ಕಿತ್ತು ತೋರಿಸಬೇಕು. ತೋರಿಸಿದರೆ, ಕಣ್ಣೆದುರೇ ಅರಿಸಿನ ಕಂಡೂ ಅದರ ಮೇಲೆ ಯಾಕೆ ಹಾಕಿದಿರಿ ಎಂದು ಕೇಳುತ್ತಾರೆ. ಕುಂಬಳಕಾಯಿ ಕಳ್ಳನ ಹಾಗೆ ನಾನೇ ಹೆಗಲು ಮುಟ್ಟಿ ನೋಡಿಕೊಂಡೆ. "ಮಜಬೂತ ಐತಿ" ಎಂದೆ.

ಆಮೇಲಿನದು ಚಂದದ ಕೆಲಸ. ನೀರು ಹಾಕಿ ಉಜ್ಜಿದೆ, ಮೇಲ್ಪದರಕ್ಕೆ ನೀಲಿ ಬಣ್ಣ ಕಲಸಿದ ಜೆಲ್‌ಕೋಟ್ ಎರಡು ಕೈ ಬಳಿದೆ, ಮೇಣ ಹಚ್ಚಿ ಬಟ್ಟೆಯಿಂದ ತಿಕ್ಕಿ ಮುಖ ಕಾಣುವ ಹಾಗೆ ಹೊಳಪು ತಂದೆ. ಊರಿನವರು ಬಂದು ಮುಟ್ಟಿ ಮುಟ್ಟಿ ನೋಡಿದರು. ಮುದುಕಿ ತಂಗಿಯನ್ನು ಕರೆದು ಎಲ್ಲರ ಮುಂದೆ ತಲೆ ಸವರಿದಳು. ಆ ಸಂಜೆ ಜಗುಲಿಯ ದೀಪಕ್ಕೆ ಎಣ್ಣೆ ಹಾಕಿದ್ದು ನನ್ನ ತಂಗಿ. ನಾನು ಮಕ್ತಲ್‌ಗೆ ಹಿಂದಿರುಗಿದೆ.

ಹದಿನೈದು ದಿನ ದೋಣಿ ಓಡಿತು. ಓಡುತ್ತಲೇ ಇರುತ್ತದೆ ಎಂದು ನಾನೇ ನಂಬತೊಡಗಿದೆ. ಬೀರಪ್ಪನಿಗೆ ಹರಕೆಯ ಟಗರು ಒಪ್ಪಿಸಲು ಈಚೆ ದಡದ ಗುಡಿಗೆ ಬರುತ್ತೇವೆ, ದೋಣಿ ಮಾಡಿಕೊಟ್ಟವರಿಗೆ ಶಲ್ಯ ಹೊದಿಸಬೇಕು ಎಂದು ಅತ್ತೆ ಹೇಳುತ್ತಾಳೆ, ನೀನೂ ಬಂದು ನಮ್ಮ ಜೊತೆ ದಾಟು ಎಂದು ತಂಗಿ ಕರೆದಳು. ಹೋದೆ. ಶಲ್ಯ ಎಂದರೆ ಯಾರಿಗೆ ಬೇಡ. ಬೆಳಗಿನ ಹೊತ್ತು. ಕೂಲಿ ಹೆಂಗಸರನ್ನು ಆಚೆ ದಡಕ್ಕೆ ಬಿಟ್ಟು ಈಚೆಗೆ ಮರಳುತ್ತಿದ್ದ ದೋಣಿಯಲ್ಲಿ ಈಚೆ ದಡದ ಊರಿಗೆ ಹೊರಟ ಏಳೆಂಟು ಜನ ಹೆಂಗಸರಿದ್ದರು. ಮುಂದೆ ತಂಗಿ, ಅವಳ ಕಾಲ ಬಳಿ ಟಗರು. ಒದೆಯದಿರಲೆಂದು ಅದರ ನಾಲ್ಕೂ ಕಾಲು ಕೂಡಿಸಿ ಕಟ್ಟಿದ್ದರು, ಕೊಂಬಿಗೆ ಭಂಡಾರ ಬಳಿದಿತ್ತು. ನಾನು ಅದರ ಹಿಂದೆ ಕೂತೆ. ನನ್ನ ಕಾಲ ಕೆಳಗೇ ಆ ಜಾಗವಿತ್ತು.

ಹಿನ್ನೀರಿನಲ್ಲಿ ಮುಳುಗಿದ ಹಳೆಯ ಹೊಲಗಳ ಮೇಲೆ ಬರುತ್ತಿದ್ದಾಗ ತಳ ಯಾವುದೋ ಮರದ ಮೋಟಿಗೆ ಸವರಿತು. ಮೆಲ್ಲಗೆ ಸವರಿದ್ದು, ಗಟ್ಟಿ ದೋಣಿಗೆ ಅದು ಲೆಕ್ಕಕ್ಕೇ ಇಲ್ಲ. ಬಟ್ಟೆ ಹರಿದ ಸದ್ದು ಕೇಳಿಸಿತು. ನೇಕಾರನ ಮಗನಿಗೆ ಆ ಸದ್ದು ಯಾರೂ ಹೇಳಿಕೊಡಬೇಕಿಲ್ಲ. ಪದರ ಪೂರ್ತಿ ಎದ್ದು, ಬಿರುಕು ಬಾಯಿ ತೆರೆದು, ನೀರು ನನ್ನ ಪಾದದ ಮೇಲೆ ನುಗ್ಗಿತು. "ನೀಳ್ಳು ವಸ್ತುನ್ನಯ್", ನೀರು ಬರುತ್ತಿದೆ ಎಂದು ಒಬ್ಬಳು ತೆಲುಗಿನಲ್ಲಿ ಕೂಗಿ ಎದ್ದು ನಿಂತಳು, ಎಲ್ಲರೂ ಎದ್ದರು, ದೋಣಿ ಮಗ್ಗುಲಾಯಿತು.

ನೀರು ಎದೆಮಟ್ಟ ಇತ್ತು. ಜನ ಉಳಿದರು. ಒಬ್ಬರನ್ನೊಬ್ಬರು ಹಿಡಿದು ಕೆಸರಲ್ಲಿ ಕಾಲೂರಿ ದಡ ಸೇರಿದರು. ಕಾಲು ಕಟ್ಟಿದ ಟಗರು ಎಲ್ಲರ ಕಾಲ ಕೆಳಗೆ ಹೋಯಿತು. ತಂಗಿ ಉಸಿರು ಹಿಡಿದು ಮುಳುಗಿ ಮುಳುಗಿ ಅದರ ಹಗ್ಗ ಬಿಚ್ಚಲು ನೋಡಿದಳು. ನೆನೆದ ಗಂಟು ಬಿಗಿಯುತ್ತದೆಯೇ ಹೊರತು ಬಿಚ್ಚುವುದಿಲ್ಲ. ಮೂರನೆಯ ಸಲ ಅವಳ ಗಂಡ ಜಡೆ ಹಿಡಿದು ಮೇಲೆಳೆದ. ಅಷ್ಟು ಹೊತ್ತಿಗೆ ಗುಳ್ಳೆ ಬರುವುದು ನಿಂತಿತ್ತು.

ಮಧ್ಯಾಹ್ನದ ಹೊತ್ತಿಗೆ ದೋಣಿಯನ್ನು ಎಳೆದು ತಂದು ಅದೇ ಬೇವಿನ ಕೆಳಗೆ ಬೋರಲು ಹಾಕಿದರು. ಎದ್ದ ಪದರ ಒಂದು ಕಡೆ ಮಾತ್ರ ಅಂಟಿಕೊಂಡು ನೇತಾಡುತ್ತಿತ್ತು. ದೋಣಿಯವರ ತಮ್ಮ ಅದನ್ನು ಕಿತ್ತು ಅಂಗಳದಲ್ಲಿ ಮಗುಚಿ ಇಟ್ಟ. ಒಳಮೈಯೆಲ್ಲ ಹಳದಿ. ಅದರ ನಡುವೆ ಎರಡು ಅಂಗೈ, ಹತ್ತು ಬೆರಳು, ರೇಖೆ ಸಮೇತ ರೆಸಿನ್‌ನಲ್ಲಿ ಕೂತುಬಿಟ್ಟಿದ್ದವು. ಯಾರ ಕೈ ಎಂದು ಕೇಳಬೇಕಾದ್ದೇ ಇರಲಿಲ್ಲ.

ಯಾರೂ ಕೂಗಾಡಲಿಲ್ಲ, ಅದೇ ಕಷ್ಟವಾಗಿತ್ತು. ಮುದುಕಿ ಬಗ್ಗಿ ನೋಡಿ ಹೇಳಿದಳು, "ದೇವರು ಭಂಡಾರ ವಾಪಸ್ ಕೊಟ್ಟಾನ."

ಕಿರಿಯ ಸೊಸೆ ನೆನಪಿಸಿದಳು. "ಅವತ್ತ ಅಕ್ಕನ ಕೈ ಕೆಂಪಾಗಿ ದದ್ದು ಎದ್ದಿದ್ದುವಲ್ರಿ ಅತ್ತಿ. ನಾಕು ದಿನ ರೊಟ್ಟಿ ಬಡಿಯಾಕ ಬರಲಿಲ್ಲ."

"ಹೌದು. ದೇವರು ಬ್ಯಾಡಂತ ಅವತ್ತ ಹೇಳಿದ್ದ. ನಮಗ ತಿಳೀಲಿಲ್ಲ" ಎಂದಳು ಮುದುಕಿ.

ದೋಣಿಯವರು ಒಬ್ಬರೇ ಹೆಂಡತಿಯ ಪರ ನಿಂತರು. ನನ್ನ ಕಡೆ ತಿರುಗಿ ಕೈ ಜೋಡಿಸಿ ಕೇಳಿದರು. "ಬಾವಾ, ನೀವು ಕೆಲಸ ಬಲ್ಲವರು. ಕೆಲಸದಾಗ ಏನಾರ ಕಮ್ಮಿ ಆಗಿತ್ತೇನ್ರಿ? ಆಗಿದ್ರ ಹೇಳಿಬಿಡ್ರಿ, ನಾವೇನೂ ಅನ್ನಂಗಿಲ್ಲ." ಆ ಮನುಷ್ಯ ನನಗೆ ಬಾಗಿಲು ತೆಗೆದು ಹಿಡಿದಿದ್ದ. ತಂಗಿಯೂ ನನ್ನನ್ನೇ ನೋಡುತ್ತಿದ್ದಳು. ಅವಳ ಸೀರೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಕೆಲಸದಾಗ ಏನೂ ಕಮ್ಮಿ ಇಲ್ರಿ" ಎಂದೆ.

ಅಷ್ಟಕ್ಕೆ ತೀರ್ಪಾಯಿತು. ಮುದುಕಿ ಎದ್ದು ಹೋಗಿ ಜಗುಲಿಯ ಗೂಡಿನಿಂದ ಚೀಲ ತೆಗೆದು ಕಿರಿಯ ಸೊಸೆಯ ಕೈಗೆ ಕೊಟ್ಟಳು. ತಂಗಿಯನ್ನು ಯಾರೂ ಮನೆಯಿಂದ ಹೊರಗೆ ಹಾಕಲಿಲ್ಲ, ಹೊಡೆಯಲಿಲ್ಲ, ಊಟಕ್ಕೆ ಕಡಿಮೆ ಮಾಡಲಿಲ್ಲ. ಮರಿಗಳಿಗೆ ಕುಡಿಸುವುದು, ಮೊದಲ ಹಾಲು ಹಿಂಡುವುದು, ಬಾಣಂತಿಗೆ ನೀರು ಹಾಕುವುದು, ಇಂಥವುಗಳಿಂದ ಅವಳ ಕೈಯನ್ನು ದೂರ ಇಟ್ಟರು. ನಾನು ಹೊರಡುವಾಗ ದಂಡೆಯವರೆಗೆ ಬಂದವಳು ಎರಡೂ ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದಳು.

"ನನ್ನ ಕೈ ಖರೇನ ಸರಿ ಇಲ್ಲೇನು ಅಣ್ಣಾ?"

"ಯಾರಿಗೆ ಗೊತ್ತು" ಎಂದೆ. ಇದಕ್ಕಿಂತ ಕೆಟ್ಟ ಮಾತನ್ನು ನಾನು ಜೀವನದಲ್ಲಿ ಆಡಿಲ್ಲ.

ದೋಣಿಯನ್ನು ಮತ್ತೆ ನಾನೇ ಸರಿಮಾಡಿದೆ. ಬೇರೆ ಯಾರಿದ್ದಾರೆ? ಈ ಸಲ ಟ್ರಾಕ್ಟರ್‌ನಲ್ಲಿ ಹಾಕಿಸಿ ಮಕ್ತಲ್‌ನ ನನ್ನ ಶೆಡ್ಡಿಗೇ ತರಿಸಿಕೊಂಡೆ. ಹಳದಿಯ ಒಂದು ಕಣವೂ ಉಳಿಯದ ಹಾಗೆ ಕೆರೆದೆ, ಥಿನ್ನರ್‌ನಿಂದ ಮೂರು ಸಲ ಒರೆಸಿದೆ, ಮೂರರ ಬದಲು ಆರು ಪದರ ಹಾಕಿದೆ, ಒಳಗಿನಿಂದಲೂ ಹಾಕಿದೆ. ಪಾಪ ಪರಿಹಾರ ಎಂದುಕೊಂಡು ಮಾಡಿದೆನೋ ಏನೋ. ಕಿತ್ತ ಪದರವನ್ನು ಸುಟ್ಟುಬಿಡಿ ಎಂದು ಕೊಟ್ಟು ಕಳಿಸಿದ್ದರು. ಸುಡಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಆ ದೋಣಿ ನಾಲ್ಕು ಮಳೆಗಾಲ ದಾಟಿದೆ. ಎಷ್ಟು ಬಂಡೆಗೆ ಬಡಿದಿದೆಯೋ, ಒಂದು ಕೂದಲೆಳೆ ಬಿರುಕಿಲ್ಲ. ಅದು ಒಂದೊಂದು ಸಲ ದಡ ಮುಟ್ಟಿದಾಗಲೂ ಆ ಮನೆಯಲ್ಲಿ ಹೇಳುತ್ತಾರಂತೆ, ಆಕೆ ಮುಟ್ಟಿದಾಗ ಮುಳುಗಿತು, ಮುಟ್ಟದಿದ್ದಾಗ ನೋಡು.

ಹೋದ ವರ್ಷ ತಂಗಿ ಆಸ್ಪತ್ರೆಯ ಕೆಲಸಕ್ಕೆಂದು ಮಕ್ತಲ್‌ಗೆ ಬಂದವಳು ಶೆಡ್ಡಿಗೆ ಬಂದಳು. ಚಹಾ ತರಲು ನಾನು ಎದುರಿನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಆ ಪದರವನ್ನು ತಿರುಗಿಸಿ ನೋಡುತ್ತ ನಿಂತಿದ್ದಳು. ಹಳದಿ ಮಾಸಿರಲಿಲ್ಲ. ಗಾಜಿನೊಳಗೆ ಸೇರಿದ್ದು ಮಾಸುವುದಿಲ್ಲ. ಇನ್ನು ಬಚ್ಚಿಡಲು ನನಗೆ ಶಕ್ತಿ ಇರಲಿಲ್ಲ. ಅರಿಸಿನ, ಎಣ್ಣೆ, ರೆಸಿನ್, ಯಾವುದು ಯಾವುದನ್ನು ಹಿಡಿಯುತ್ತದೆ, ಯಾವುದನ್ನು ಹಿಡಿಯುವುದಿಲ್ಲ, ಎಲ್ಲ ಹೇಳಿದೆ. ಅಂಗೈ ಉರಿದದ್ದು ಗಾಜಿನ ಪುಡಿಯಿಂದ ಎಂದೂ ಹೇಳಿದೆ.

ಅವಳು ಕೇಳಿಸಿಕೊಂಡಳು. "ಅಂಚಿಗೆ ಕಮ್ಮಿ ಐತಿ, ಅಲ್ಲೂ ಹಚ್ಚು ಅಂದಿದ್ದಿ" ಎಂದಳು.

"ಅಂದಿದ್ದೆ."

"ಅವತ್ತ ಗೊತ್ತಿತ್ತು ನಿನಗ."

"ಗೊತ್ತಿತ್ತು."

ಬೈಯಲಿ, ಉಗಿಯಲಿ, ಚಹಾ ಮುಖಕ್ಕೆ ಎರಚಲಿ ಎಂದು ಕಾದೆ. ಅವಳು ಪದರವನ್ನು ಇದ್ದ ಹಾಗೆ ಗೋಡೆಗೆ ತಿರುಗಿಸಿ ಇಟ್ಟಳು. ನಾನೇ ಬಂದು ಅತ್ತೆಯ ಮುಂದೆ ಹೇಳುತ್ತೇನೆ, ಕಾಲಿಗೆ ಬೀಳುತ್ತೇನೆ ಎಂದೆ.

"ಬ್ಯಾಡ" ಎಂದಳು. "ಭಂಡಾರ ಹಚ್ಚಿದ್ದಕ್ಕ ದೋಣಿ ಮುಳುಗಿತು ಅಂದ್ರ ಯಾರು ನಂಬ್ತಾರ? ತಂಗಿ ಸಲುವಾಗಿ ದೇವರ ಮ್ಯಾಲೆ ತಪ್ಪು ಹಾಕಾಕತ್ಯಾನ ಅಂತಾರ. ಇಷ್ಟು ವರ್ಷ ತಂಗಿ ಸಲುವಾಗಿ ಬಾಯಿ ತೆಗೀದವ ಈಗ್ಯಾಕ ತೆಗೆದ ಅಂತಾರ." ಸೆರಗು ಸರಿಮಾಡಿಕೊಂಡಳು. "ನೀ ದೋಣಿ ಗಟ್ಟಿ ಇಡು. ಅದರಾಗ ಮಂದಿ ಕೂಡ್ತಾರ."

ಬಸ್ಸಿನವರೆಗೂ ಹಿಂದೆಯೇ ಹೋದೆ. ಅವಳು ತಿರುಗಿ ನೋಡಲಿಲ್ಲ. ಅವತ್ತಿನಿಂದ ನನ್ನನ್ನು ಅಣ್ಣ ಎಂದು ಕರೆದಿಲ್ಲ. ಕರೆಯಲೇಬೇಕಾದಾಗ "ಫೈಬರ್‌ನವರು" ಎನ್ನುತ್ತಾಳೆ.

ಒಂದು ಸಲ ನನಗೆ ಒಂದು ಯೋಚನೆ ಬಂದಿತ್ತು. ಈ ವರ್ಷ ತಳಕ್ಕೆ ಒಂದು ಕೈ ಕೆಟ್ಟ ಕೆಲಸ ಮಾಡಿಬಿಟ್ಟರೆ, ಕಿರಿಯ ಸೊಸೆ ಭಂಡಾರ ಹಚ್ಚಿದ ಮೇಲೂ ಪದರ ಎದ್ದರೆ, ತಂಗಿಯ ಕೈ ತೊಳೆದ ಹಾಗಾಗುತ್ತದೆ. ಒಂದು ತುಂಡು ಮೇಣದ ಬಟ್ಟೆ ಸಾಕು. ಆದರೆ ಮಂದಿ ಕೂಡ್ತಾರ ಎಂದು ಅವಳೇ ಹೇಳಿದ್ದಳು. ಕೈ ಬರಲಿಲ್ಲ.

ಈ ಸಲವೂ ಹತ್ತಿಯ ಕೆಲಸಕ್ಕೆ ಮೊದಲು ಹೋಗಿ, ಬೇವಿನ ಕೆಳಗೆ ದೋಣಿಯನ್ನು ಉಜ್ಜಿ ಹೊಳಪು ಕೊಟ್ಟೆ. ಕಿರಿಯ ಸೊಸೆ ಬಂದು ನೀಲಿಯ ಮೇಲೆ ಚಿಟಿಕೆ ಭಂಡಾರ ಎರಚಿದಳು. ಹೊರಗೆ ಎರಚಿದ್ದು, ಅದರಿಂದ ಏನೂ ಆಗುವುದಿಲ್ಲ. ಎಲ್ಲರೂ ಸುತ್ತ ನಿಂತರು. ತಂಗಿ ದೂರದಲ್ಲಿ ಕೊಡಗಳ ಹತ್ತಿರ ನಿಂತಿದ್ದಳು, ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು. ಈಗ ಅವಳು ಯಾವಾಗಲೂ ಹಾಗೆಯೇ ನಿಲ್ಲುತ್ತಾಳೆ. ನಾನು ನಾಣ್ಯ ತೆಗೆದು ಬಡಿದೆ.

"ಕೇಳ್ರಿ, ಹೆಂಗ ಟಣ್ ಅಂತೈತಿ" ಎಂದಳು ಮುದುಕಿ. "ಕೈ ಚಲೋ ಇದ್ರ ಹಿಂಗ."

ತಂಗಿ ಕೊಡ ಎತ್ತಿಕೊಳ್ಳಲು ಬಗ್ಗಿದಳು. ನಾನು ಒಂದು ಗೇಣು ಮುಂದೆ ಸರಿದು ಮತ್ತೆ ಬಡಿದೆ. ಅಲ್ಲೂ ಟಣ್ ಎಂದಿತು.